ಕಾಗದದ ಮಾತು ಪ್ರಮಾಣದಲ್ಲಿ ಇರಲಿಲ್ಲ

ಫೆಬ್ರವರಿ ೧೧

ಅಣ್ಣಾ,

ತಿಂಗಳ ಕೊನೆಗೆ ಬರೆಯುವವಳು ನಡುವೆಯೇ ಬರೆದಿದ್ದಾಳೆ ಎಂದರೆ ಯಾರೋ ಸತ್ತಿರಬೇಕು ಎಂದುಕೊಂಡು ಲಕೋಟೆ ಹರಿದಿರುತ್ತೀಯ. ಯಾರೂ ಸತ್ತಿಲ್ಲ. ನಾನು ಆರಾಮಾಗಿದ್ದೇನೆ. ಮಗಳೂ ಆರಾಮು, ಬಸುರಿಗೆ ಈಗ ಆರು ತಿಂಗಳು.

ಒಂದು ಮಾತು ನಡೆಸಿಕೊಡು. ನಿನಗೆ ಕಿವಿ ಹೋದಮೇಲೆ, ಅವಸರದ ಸಂಗತಿ ಇದ್ದಾಗ ನಿನ್ನ ವೇಷದಂಗಡಿಯ ಯಜಮಾನರ ಕೈಲಿ ನನಗೆ ಫೋನ್ ಮಾಡಿಸುತ್ತಿದ್ದೆಯಲ್ಲ, ಅದು ಸ್ವಲ್ಪ ದಿನ ಬೇಡ. ಮಗಳಿಗೂ ಏನೂ ಬರೆಯಬೇಡ. ಈ ಕಡೆ ಬರುವ ಯೋಚನೆಯನ್ನಂತೂ ಮಾಡಲೇಬೇಡ.

ನಾನು ಪ್ರಶ್ನೆಪತ್ರಿಕೆಗಳ ಪ್ರೆಸ್ಸಿನಲ್ಲಿದ್ದಾಗ ಪರೀಕ್ಷೆಯ ಕಾಲಕ್ಕೆ ನಮ್ಮನ್ನು ಇಪ್ಪತ್ತೆರಡು ದಿನ ಒಳಗೇ ಕೂಡಿಹಾಕುತ್ತಿದ್ದುದು ನಿನಗೆ ನೆನಪಿರಬೇಕು. ಫೋನಿಲ್ಲ, ಕಾಗದವಿಲ್ಲ, ಕಿಟಕಿ ತೆಗೆಯುವಂತಿಲ್ಲ. ಮಗಳಿಗೆ ಜ್ವರ ಬಂದರೂ ಸುದ್ದಿ ಒಳಗೆ ಬರುತ್ತಿರಲಿಲ್ಲ. ನಾನು ಅರಗು ಕರಗಿಸಿ ಕಟ್ಟುಗಳ ಮೇಲೆ ಮುದ್ರೆ ಒತ್ತುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಒಂದು ಪ್ರಶ್ನೆಯೂ ನನ್ನ ಬಾಯಿಂದ ಆಚೆ ಬೀಳಲಿಲ್ಲ. ಈಗ ಮತ್ತೆ ಹಾಗೇ ಒಳಗಿದ್ದೇನೆ ಎಂದುಕೋ. ಇದಕ್ಕಿಂತ ಹೆಚ್ಚು ಬರೆಯುವಂತಿಲ್ಲ.

ಹಾಲು ತರಲು ಹತ್ತು ನಿಮಿಷ ಬಿಡುವಿದೆ. ಪೋಸ್ಟ್ ಡಬ್ಬಿ ಹಾಲಿನಂಗಡಿಯ ಪಕ್ಕದಲ್ಲೇ ಇದೆ.

ನಿನ್ನ ತಂಗಿ


ಫೆಬ್ರವರಿ ೧೭

ತಂಗೀ,

ನಿನ್ನ ಕಾಗದವನ್ನು ಒಮ್ಮೆ ಮನಸ್ಸಿನಲ್ಲಿ ಓದಿದೆ, ಒಮ್ಮೆ ಗಟ್ಟಿಯಾಗಿ. ಗಟ್ಟಿಯಾಗಿ ಓದುವಾಗ ಕಿರೀಟಕ್ಕೆ ಮಣಿ ಅಂಟಿಸುತ್ತಿದ್ದ ಯಜಮಾನ ಓಡಿ ಬಂದು ನನ್ನ ಬಾಯಿ ಮುಚ್ಚಿದ. ನನ್ನ ದನಿ ನನಗೆ ಕೇಳದು, ಬೀದಿ ತುದಿಯ ಔಷಧದಂಗಡಿಗೆ ಕೇಳಿಸಿತಂತೆ. ಮೂವತ್ತನಾಲ್ಕು ವರ್ಷ ನಾಟಕ ಕಂಪನಿಯಲ್ಲಿ ಖಳನಾಗಿ ಗರ್ಜಿಸಿ ‘ಗುಡುಗು’ ಎನ್ನಿಸಿಕೊಂಡವನಿಗೆ, ಯುದ್ಧದ ದೃಶ್ಯದ ಸಿಡಿಮದ್ದು ಕಿವಿಯನ್ನಷ್ಟೇ ತೆಗೆದುಕೊಂಡು ಗಂಟಲನ್ನು ಬಿಟ್ಟುಹೋಯಿತು. ಇರಲಿ.

ಈಗ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡು. ನಿವೃತ್ತಿಯಾಗಿ ಮೂರು ವರ್ಷವಾದ ಹೆಂಗಸನ್ನು ಯಾವ ಪ್ರೆಸ್ಸು ಒಳಗೆ ಕೂಡಿಹಾಕುತ್ತದೆ? ಅದೂ ಅವಳ ಸ್ವಂತ ಮನೆಯಲ್ಲಿ? ಹಾಲಿಗೆ ಹತ್ತು ನಿಮಿಷ ಎಂದು ಅಳೆದು ಕೊಡುವ ಆ ದೊರೆ ಯಾರು? ಬರಬೇಡ, ಕೇಳಬೇಡ, ಬರೆಯಬೇಡ ಎಂದು ಒಂದು ಪುಟದಲ್ಲಿ ಇಷ್ಟು ‘ಬೇಡ’ ಬರೆದವಳು ಆರಾಮಾಗಿದ್ದೇನೆ ಎಂದರೆ ನಂಬಲು ನಾನೇನು ಮೊದಲ ಸಾಲಿನ ಪ್ರೇಕ್ಷಕನೇ? ನಿನ್ನ ಅಕ್ಷರ ನೋಡಿದೆ. ಗೆರೆ ಎಳೆದಂತೆ ಬರೆಯುವವಳ ಸಾಲುಗಳು ಈ ಸಲ ಕೆಳಕ್ಕೆ ಜಾರಿವೆ.

ಕಾಯಿಲೆಯೋ? ಯಾರದಾದರೂ ಕಾಟವೋ? ಬಾಯಿ ಬಿಡದಿದ್ದರೆ ಕತ್ತಿ ಹಿಡಿದು ಬರುತ್ತೇನೆ. ಅಂಗಡಿಯಲ್ಲಿ ಇಪ್ಪತ್ತಾರು ಇವೆ, ಎಲ್ಲವೂ ಮರದವು, ಆದರೆ ದೂರದಿಂದ ಹೊಳೆಯುತ್ತವೆ.

ಇದು ತಮಾಷೆ ಎಂದುಕೊಂಡು ಸುಮ್ಮನಿರಬೇಡ. ಬೇಗ ಬರೆ.

ಗುಡುಗು


ಫೆಬ್ರವರಿ ೨೪

ಅಣ್ಣಾ,

ಈ ಕಾಗದವನ್ನು ಅಡುಗೆಮನೆಯಲ್ಲಿ, ತರಕಾರಿ ಹೆಚ್ಚುವ ಹಲಗೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಎರಡು ಸಾಲು ಬರೆದು ಒಮ್ಮೆ ಚಾಕುವಿನಿಂದ ಹಲಗೆ ಕುಟ್ಟುತ್ತೇನೆ. ಹೆಚ್ಚುವ ಸದ್ದು ನಿಂತರೆ ಹಾಲ್‌ನಿಂದ ‘ಅಮ್ಮ, ಏನ್ಮಾಡ್ತಿದ್ದೀರಾ?’ ಎಂದು ಫೋನು ಕೇಳುತ್ತದೆ.

ಎಲ್ಲ ಹೇಳುತ್ತೇನೆ. ಓದಿ ಸುಟ್ಟುಬಿಡು.

ಜನವರಿ ಇಪ್ಪತ್ತೊಂಬತ್ತಕ್ಕೆ ಒಂದು ಮೇಲ್ ಬಂತು. ಪಿಂಚಣಿ ಕಚೇರಿಯ ಹೆಸರು, ಲಾಂಛನ, ನನ್ನ ಪಿಂಚಣಿ ಸಂಖ್ಯೆ, ಎಲ್ಲ ಇತ್ತು. ನಾನು ಬದುಕಿದ್ದೇನೆ ಎಂಬ ಪ್ರಮಾಣಪತ್ರ ಇಂದು ಸಂಜೆಯೊಳಗೆ ಹೊಸದು ಮಾಡಿಸದಿದ್ದರೆ ಪಿಂಚಣಿ ನಿಲ್ಲುತ್ತದೆ, ಕೆಳಗಿನ ಲಿಂಕ್ ಒತ್ತಿ ಎಂದಿತ್ತು. ಒತ್ತಿದೆ. ಗುರುತಿನ ಚೀಟಿ, ಬ್ಯಾಂಕಿನ ವಿವರ, ಮಗಳ ಹೆಸರು ವಿಳಾಸ ಕೇಳಿದರು, ತುಂಬಿದೆ. ಫೋನಿಗೆ ಬಂದ ಒಟಿಪಿಯನ್ನೂ ಹಾಕಿದೆ. ಬದುಕಿರುವುದಕ್ಕೆ ಇಷ್ಟೆಲ್ಲ ಕೇಳುತ್ತಾರಲ್ಲ ಎಂದು ನಗು ಬಂದಿತ್ತು.

ಮರುದಿನ ಬೆಳಗ್ಗೆ ವಿಡಿಯೊ ಕಾಲ್. ಸಮವಸ್ತ್ರದ ಅಧಿಕಾರಿ, ಹಿಂದೆ ಗೋಡೆಯುದ್ದಕ್ಕೂ ಫೈಲುಗಳು. ನನ್ನ ಗುರುತಿನ ಸಂಖ್ಯೆಯಲ್ಲಿ ಯಾರೋ ಖಾತೆ ತೆರೆದು ಕಳ್ಳದುಡ್ಡು ಸಾಗಿಸಿದ್ದಾರಂತೆ. ನಾನು ಬರಿಯ ಸಾಕ್ಷಿಯೋ, ಅಪರಾಧಿಯೋ ಎಂದು ತೀರ್ಮಾನವಾಗುವ ತನಕ ಮನೆಯಲ್ಲೇ ಬಂಧನ. ವಿಚಾರಣೆ ಗೋಪ್ಯ. ಕ್ಯಾಮೆರಾದ ಮುಂದೆ ಬಲಗೈ ಎತ್ತಿಸಿ ಪ್ರಮಾಣ ಓದಿಸಿದರು.

ನಿನಗೆ ಬರೆಯುವ ಮುಂಚೆ ಆ ಪ್ರಮಾಣವನ್ನು ಎರಡು ಸಲ ಓದಿ ನೋಡಿದೆ. ಫೋನಿನಲ್ಲಿ, ಸಂದೇಶದಲ್ಲಿ, ಮೇಲ್‌ನಲ್ಲಿ, ಬಾಯಿಮಾತಿನಲ್ಲಿ ಯಾರಿಗೂ ತಿಳಿಸುವುದಿಲ್ಲ ಎಂದಿದೆ. ಕಾಗದದ ಮಾತೇ ಇಲ್ಲ. ಪ್ರೆಸ್ಸಿನ ಪ್ರಮಾಣದಲ್ಲಾದರೆ ಅದೇ ಮೊದಲು ಇರುತ್ತಿತ್ತು. ಹಾಗಾಗಿ ನಾನು ಮಾತು ಮುರಿದಂತಾಗಲಿಲ್ಲ, ಅಲ್ಲವೇ?

ಫೋನು ಊಟದ ಮೇಜಿನ ಮೇಲೆ ನೀರಿನ ಜಗ್ಗಿಗೆ ಒರಗಿ ಬಾಗಿಲಿಗೆ ಬೆನ್ನು ಹಾಕಿ ನಿಂತಿರುತ್ತದೆ. ಎದುರಿಗೆ ನಾನು. ಸ್ನಾನಕ್ಕೆ, ಅಡುಗೆಗೆ ಹೇಳಿ ಏಳಬೇಕು. ಹಾಲು ತರಲು ಹೋದರೂ ಕಾಲ್ ನಿಲ್ಲಿಸದೆ ಚೀಲದೊಳಗೆ ಇಟ್ಟುಕೊಂಡು ಹೋಗಬೇಕು. ಅವರು ಗದರುವುದಿಲ್ಲ ಅಣ್ಣಾ. ಗದರಿದ್ದರೆ ಅಭ್ಯಾಸವಾಗುತ್ತಿತ್ತು. ಊಟ ಆಯ್ತಾ, ಮಾತ್ರೆ ತಗೊಂಡ್ರಾ ಎಂದು ವಿಚಾರಿಸುತ್ತಾರೆ. ಎರಡನೆಯ ದಿನ ನಾನು ವಕೀಲರನ್ನು ಕೇಳಬಹುದೇ ಎಂದೆ. ಅವರು ಮಗಳು ಕೆಲಸ ಮಾಡುವ ಕನ್ನಡಕದಂಗಡಿಯ ಚಿತ್ರ ತೋರಿಸಿದರು. ಬಾಗಿಲ ಬಳಿ ಅವಳು ನಿಂತಿದ್ದಾಳೆ. ಆಮೇಲೆ ಬಹಳ ಮೆತ್ತಗೆ ಹೇಳಿದರು:

“ಬಸುರಿ ಹೆಂಗಸಿಗೆ ಲಾಕಪ್ಪಿನ ನೆಲದ ಮೇಲೆ ಮಲಗೋದು ಕಷ್ಟ ಆಗುತ್ತಲ್ವಾ ಅಮ್ಮ. ನೀವೇ ಯೋಚ್ನೆ ಮಾಡಿ.”

ಅವತ್ತಿನಿಂದ ನಾನು ಏನೂ ಕೇಳಿಲ್ಲ.

ಭಾನುವಾರ ಮಗಳ ಫೋನು ಬಂದರೆ ಅವರೂ ಕೇಳುತ್ತಿರುತ್ತಾರೆ. ನಾನು ಹೂಂ, ಉಹೂಂ ಎಂದಷ್ಟೇ ಅಂದು ಇಟ್ಟುಬಿಡುತ್ತೇನೆ. ಹೋದ ವಾರ ಅವಳು, ಅಮ್ಮಾ ನನ್ನಿಂದ ಏನಾದ್ರೂ ತಪ್ಪಾಯ್ತಾ ಎಂದಳು. ಉಹೂಂ ಎಂದೆ.

ಮಾರ್ಚ್ ಹನ್ನೆರಡಕ್ಕೆ, ಬೆಳಗ್ಗೆ ಹನ್ನೊಂದೂವರೆಗೆ, ನಾನು ಬ್ಯಾಂಕಿಗೆ ಹೋಗಿ ಇಡುಗಂಟು ಮುರಿಸಿ ಅದನ್ನು ಅವರ ‘ಪರಿಶೀಲನಾ ಖಾತೆ’ಗೆ ಹಾಕಬೇಕು. ಸ್ವಚ್ಛವಾದ ದುಡ್ಡು ಎಂದು ಗೊತ್ತಾದರೆ ಮೂರು ದಿನದಲ್ಲಿ ಮರಳಿಸುತ್ತಾರೆ. ಸ್ವಲ್ಪ ಈಗಾಗಲೇ ಹಾಕಿದ್ದೇನೆ. ಬ್ಯಾಂಕಿನವರು ಕೇಳಿದರೆ ಮಗಳಿಗೆ ಮನೆ ಕೊಳ್ಳಲು ಎನ್ನಬೇಕಂತೆ. ಮುದ್ರೆ ಒತ್ತಿದ ಮೂರು ಆದೇಶಗಳು ಬಂದಿವೆ. ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ಫೈಲು ಮಾಡಿದ್ದೇನೆ.

ಇವರು ನಿಜವಾಗಿಯೂ ಪೊಲೀಸರೇ ಇರಬಹುದಲ್ಲವೇ? ಇಲ್ಲ ಎನ್ನಬೇಡ. ಇಲ್ಲ ಎಂದಾದರೆ ಇಷ್ಟು ದಿನ ನನ್ನ ಮನೆಯೊಳಗೆ ನೋಡುತ್ತಿರುವುದು ಯಾರು?

ತಂಗಿ


ಮಾರ್ಚ್ ೨

ತಂಗೀ,

ಸುಡಲಿಲ್ಲ. ಜೇಬಿನಲ್ಲಿಟ್ಟುಕೊಂಡು ಠಾಣೆಗೆ ಹೋದೆ. ಯಜಮಾನನೂ ಬಂದ. ಅಲ್ಲಿ ದೂರು ಬರೆದುಕೊಳ್ಳುವ ಪೊಲೀಸಿನವನು ನನ್ನ ಕಿವಿಗೆ ಬಾಯಿಟ್ಟು ಕೂಗಿ ಕೂಗಿ ಸೋತು, ಕೊನೆಗೆ ಚೀಟಿಯಲ್ಲಿ ಬರೆದುಕೊಟ್ಟ. ಆ ಚೀಟಿಯನ್ನೇ ಇದರೊಳಗೆ ಇಟ್ಟಿದ್ದೇನೆ, ಓದು. “ಫೋನಿನಲ್ಲಿ ಯಾರನ್ನೂ ಬಂಧಿಸುವುದಿಲ್ಲ. ಅಂಥ ಬಂಧನ ಎಂಬುದೇ ಇಲ್ಲ. ಪೊಲೀಸರು ದುಡ್ಡು ಹಾಕಿಸಿಕೊಂಡು ಪರೀಕ್ಷೆ ಮಾಡುವುದಿಲ್ಲ. ಕಾಲ್ ಕಟ್ ಮಾಡಿ, ಬ್ಯಾಂಕಿಗೆ ತಿಳಿಸಿ, ಹತ್ತಿರದ ಠಾಣೆಗೆ ಹೋಗಿ.” ಕೆಳಗೆ ಅವನ ಸಹಿ. ಕೈಬರಹ ಕೋಳಿ ಕೆದರಿದಂತಿದೆ, ಆದರೆ ಮನುಷ್ಯ ನನ್ನೆದುರಿಗೇ ಕೂತು ಬರೆದ.

ತಂಗೀ, ನಾನು ಹೆದರಿಸುವ ಕಸುಬಿನವನು. ಆ ಕಸುಬಿನ ಒಳಗುಟ್ಟು ನಿನಗೆ ಇವತ್ತು ಹೇಳುತ್ತೇನೆ ಕೇಳು. ಹೊಸಬ ಖಳ ರಂಗಕ್ಕೆ ಬಂದು ಕಿರುಚುತ್ತಾನೆ, ಜನ ನಗುತ್ತಾರೆ. ಪಳಗಿದವನು ಬಂದು ನಾಯಕಿಯ ಪಕ್ಕ ಕೂತು ನೀರು ಕೊಡುತ್ತಾನೆ. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎನ್ನುತ್ತಾನೆ. ಆಮೇಲೆ ಎಲ್ಲರ ಹೆಸರನ್ನೂ ತಾನೇ ಹೇಳುತ್ತಾನೆ. ಅಷ್ಟು ಸಾಕು, ಕೊನೇ ಸಾಲಿನ ತನಕ ಉಸಿರು ನಿಲ್ಲುತ್ತದೆ. ಅವಳು ಇನ್ನೊಬ್ಬರ ಮುಖ ನೋಡಲು ಬಿಡಬಾರದು, ಯೋಚಿಸಲು ಹೊತ್ತು ಕೊಡಬಾರದು. ಅದಕ್ಕೇ ಸಖಿಯನ್ನು ಮೊದಲೇ ಹೊರಗೆ ಕಳಿಸಿರುತ್ತಾರೆ. ಸಖಿ ಒಬ್ಬಳು ಪಕ್ಕದಲ್ಲಿದ್ದು ‘ಇವನ್ಯಾರೇ?’ ಎಂದು ಕೇಳಿದರೆ ಇಡೀ ಅಂಕ ಕುಸಿದು ಬೀಳುತ್ತದೆ. ನಿನ್ನ ಸಂಜೆಯೊಳಗಿನ ಮೇಲ್, ಗೋಪ್ಯದ ಪ್ರಮಾಣ, ಮಾತ್ರೆ ತಗೊಂಡ್ರಾ ಎಂಬ ವಿಚಾರಣೆ ಎಲ್ಲ ಓದಿದಾಗ ನನಗೆ ಗುರುತು ಹತ್ತಿತು. ಯಾರೋ ನನ್ನ ಪಾತ್ರವನ್ನೇ ಕದ್ದು ನನ್ನ ತಂಗಿಯ ಮುಂದೆ ಆಡುತ್ತಿದ್ದಾನೆ, ಅದೂ ನನಗಿಂತ ಚೆನ್ನಾಗಿ.

ನನ್ನ ಮಾತು ನಂಬಬೇಡ. ನಿನ್ನ ಕಣ್ಣನ್ನು ನಂಬು. ಆ ಮೂರು ಆದೇಶಗಳನ್ನು ಬೆಳಕಿಗೆ ಹಿಡಿದು, ಕಟ್ಟುಗಳ ಮುದ್ರೆ ನೋಡುತ್ತಿದ್ದ ಹಾಗೆ ನೋಡು. ಕೈಯಿಂದ ಒತ್ತಿದ ಮುದ್ರೆ ಎರಡು ಸಲ ಒಂದೇ ಥರ ಬೀಳುವುದಿಲ್ಲ ಎಂದು ನನಗೆ ಹೇಳಿಕೊಟ್ಟವಳು ನೀನೇ.

ನಾನೇ ಬಂದುಬಿಡೋಣ ಎಂದು ಚೀಲ ತುಂಬಿದೆ, ಮತ್ತೆ ಖಾಲಿ ಮಾಡಿದೆ. ಮಗಳನ್ನು ಹಿಡಿದುಬಿಡುತ್ತಾರೆ ಎಂಬ ಭಯ ನಿನ್ನೊಳಗೆ ಕೂತಿರುವ ತನಕ, ನಾನು ಮೆಟ್ಟಿಲು ಹತ್ತಿದರೆ ನೀನು ಬಾಗಿಲು ತೆಗೆಯುವುದಿಲ್ಲ. ಮಗಳಿಗೆ ಹೇಳಿಸೋಣ ಎಂದರೆ ಬಸುರಿ, ಬೆಚ್ಚಿಬಿದ್ದಾಳು. ಸರಿಯೋ ತಪ್ಪೋ ತಿಳಿಯದು. ಮುದ್ರೆ ನೋಡಿ ಒಂದು ಸಾಲು ಬರೆ. ಬ್ಯಾಂಕಿಗೆ ಮಾತ್ರ ಹೋಗಬೇಡ. ಹೋಗಲೇಬೇಕಾದರೆ ಕಿಟಕಿಯಲ್ಲಿ ಕೂತವರ ಕೈಗೆ ಪೊಲೀಸಿನವನ ಚೀಟಿ ಕೊಡು, ಬಾಯಿ ಬಿಡುವುದೇ ಬೇಡ.

ಇದನ್ನು ಈಗಲೇ ಡಬ್ಬಿಗೆ ಹಾಕಲು ಹೊರಟೆ.

ಗುಡುಗು


ಮಾರ್ಚ್ ೭

ಪೂಜ್ಯ ಸಹೋದರರಿಗೆ,

ತಮ್ಮ ಪತ್ರ ತಲುಪಿತು. ತಾವು ತಪ್ಪು ತಿಳಿದುಕೊಂಡಿದ್ದೀರಿ. ಅಧಿಕಾರಿಗಳು ಬಹಳ ಒಳ್ಳೆಯವರು. ನನಗೆ ಯಾವ ತೊಂದರೆಯೂ ಇಲ್ಲ. ತಾವು ಠಾಣೆಗೆ ಹೋಗಿದ್ದರಿಂದ ತನಿಖೆಗೆ ಅಡ್ಡಿಯಾಗಿದೆ ಮತ್ತು ತಮ್ಮ ಹೆಸರೂ ಕಡತಕ್ಕೆ ಸೇರಿದೆ.

ತಾವು ಕೂಡಲೇ ಕ್ಯಾಮೆರಾ ಇರುವ ಒಂದು ಫೋನು ಕೊಂಡು ಅದರ ಸಂಖ್ಯೆಯನ್ನು ನನಗೆ ತಿಳಿಸಬೇಕು. ತಮಗೆ ಕಿವಿ ಕೇಳದಿರುವುದರಿಂದ ಅಧಿಕಾರಿಗಳು ಬರಹದ ಮೂಲಕ ಸಂಪರ್ಕಿಸುತ್ತಾರೆ. ತಮ್ಮ ಗುರುತಿನ ಚೀಟಿ ಮತ್ತು ಬ್ಯಾಂಕ್ ಪುಸ್ತಕದ ಮೊದಲ ಪುಟದ ನಕಲನ್ನು ಮರುಅಂಚೆಯಲ್ಲಿ ಕಳುಹಿಸಬೇಕು. ಈ ವಿಷಯವನ್ನು ಯಾರಿಗೂ, ಕಾಗದದಲ್ಲಿಯೂ, ತಿಳಿಸಬಾರದು.

ಇಂತಿ ತಮ್ಮ ವಿಧೇಯ ಸಹೋದರಿ


ಮಾರ್ಚ್ ೧೨, ಬೆಳಗ್ಗೆ ಒಂಬತ್ತೂಕಾಲು
ನಿನ್ನ ಬಾಗಿಲ ಹೊರಗಿನಿಂದ

ತಂಗೀ,

ಬೆಚ್ಚಬೇಡ. ಈ ಕಾಗದ ಬಾಗಿಲ ಕೆಳಗಿನಿಂದ ಬಂದಿದೆ, ತಳ್ಳಿದವನು ನಾನು. ಇನ್ನು ಮೇಲೂ ಮೇಜಿನಿಂದ ಏಳುವಾಗ ಅಡುಗೆಮನೆಗೆ ಎಂದು ಹೇಳು. ಫೋನು ಬಾಗಿಲಿಗೆ ಬೆನ್ನು ಹಾಕಿದೆ ಎಂದು ನೀನೇ ಬರೆದಿದ್ದೆ, ಅದಕ್ಕೆ ಈ ಕಾಗದ ಕಾಣದು.

ಏಳನೇ ತಾರೀಖಿನ ಕಾಗದ ನಿನ್ನೆ ಮಧ್ಯಾಹ್ನ ಕೈಗೆ ಸಿಕ್ಕಿತು. ಅಕ್ಷರ ನಿನ್ನದು, ಮಾತು ನಿನ್ನದಲ್ಲ. ಐವತ್ತೆಂಟು ವರ್ಷದಲ್ಲಿ ನೀನು ನನ್ನನ್ನು ಪೂಜ್ಯ ಎಂದವಳಲ್ಲ, ತಾವು ಎಂದವಳಂತೂ ಅಲ್ಲವೇ ಅಲ್ಲ. ಹಿಂದಿನ ಕಾಗದದಲ್ಲಿ ಅಷ್ಟುದ್ದ ಭಾಷಣ ಹೊಡೆದ ಮುಠ್ಠಾಳ ನಾನು, ‘ಇದನ್ನು ಅವರಿಗೆ ಹೇಳಬೇಡ’ ಎಂಬ ಒಂದು ಸಾಲು ಬರೆಯಲು ಮರೆತಿದ್ದೆ. ಸಿಕ್ಕ ಬಸ್ಸು ಹತ್ತಿದೆ.

ಬಾಗಿಲು ಬಡಿಯುವುದಿಲ್ಲ. ಸದ್ದು ಫೋನಿಗೆ ಕೇಳುತ್ತದೆ. ನೀನೂ ಮಾತಾಡಬೇಡ, ಹೇಗೂ ನನಗೆ ಕೇಳದು. ಈ ಕಾಗದದ ಹಿಂದೆಯೇ ಬರೆದು ತಳ್ಳು. ಪೆನ್ಸಿಲ್ ಇದರ ಜೊತೆಗೇ ಉರುಳಿಸಿದ್ದೇನೆ.

ಅಣ್ಣ


(ಅದೇ ಕಾಗದದ ಹಿಂದೆ, ಪೆನ್ಸಿಲ್‌ನಲ್ಲಿ)

ಅಣ್ಣಾ ಹೋಗು. ದಮ್ಮಯ್ಯ, ಹೋಗು.

ಮುದ್ರೆ ನೋಡಿದೆ. ಮೂರೂ ಒಂದೇ. ಮೂರರಲ್ಲೂ ಬಲಕ್ಕೆ ಅಷ್ಟೇ ವಾಲಿದೆ, ಕೆಳಗಿನ ಅಂಚಿನಲ್ಲಿ ಮಸಿ ಒಡೆದದ್ದೂ ಒಂದೇ ಜಾಗ. ಒಂದನ್ನೇ ಮೂರಕ್ಕೂ ಅಂಟಿಸಿದ್ದಾರೆ. ಆಮೇಲೆ ನಾನು ಅವರಿಗೆ ಹೇಳಿಬಿಟ್ಟೆ.

ಬಯ್ಯಬೇಡ. ಮುದ್ರೆಯಲ್ಲಿ ಅನುಮಾನ ಕಂಡರೆ ನಿಂತ ಕಾಲಲ್ಲಿ ಮೇಲಿನವರಿಗೆ ತಿಳಿಸಬೇಕು ಎಂಬುದು ಪ್ರೆಸ್ಸಿನ ನಿಯಮ. ಮೂವತ್ತೊಂದು ವರ್ಷ ಹಾಗೇ ಮಾಡಿದೆ. ಈಗ ಮೇಲಿನವರು ಎಂದು ನನಗಿದ್ದದ್ದು ಅವರೇ. ತಪ್ಪು ತೋರಿಸಿದರೆ ಸಂತೋಷಪಡುತ್ತಾರೆ ಎಂದುಕೊಂಡೆ. ಸಂತೋಷಪಟ್ಟರು ಕೂಡ, ನಿಮ್ಮ ಕಣ್ಣು ಬಹಳ ಚುರುಕು ಅಮ್ಮ ಎಂದರು. ಯಾರು ಹೇಳಿಕೊಟ್ಟರು ಎಂದರು. ನಿನ್ನ ಹೆಸರು ಹೇಳಿದೆ. ಕಾಗದ ತೋರಿಸಿದೆ. ಪೊಲೀಸಿನವನ ಚೀಟಿಯನ್ನು ತಮ್ಮ ಕಣ್ಣೆದುರೇ ನನ್ನ ಕೈಯಿಂದ ಹರಿದುಹಾಕಿಸಿದರು.

ಸುಳ್ಳು ಎಂದು ನನಗೆ ಗೊತ್ತು. ಗೊತ್ತಿದ್ದೂ ಅವರು ಕರೆದರೆ ಎದ್ದು ನಿಲ್ಲುತ್ತೇನೆ. ಪೊಲೀಸರಲ್ಲದಿದ್ದರೆ ಇನ್ನೂ ಕೆಟ್ಟವರಲ್ಲವೇ? ಮಗಳ ಅಂಗಡಿ ಗೊತ್ತು, ಮನೆ ಗೊತ್ತು. ಇವತ್ತು ಅವಳ ಅಂಗಡಿಯ ಮುಂದೆ ಗಾಡಿ ನಿಂತಿದೆಯಂತೆ. ಹನ್ನೊಂದೂವರೆಗೆ ನಾನು ಬ್ಯಾಂಕಿನಲ್ಲಿಲ್ಲದಿದ್ದರೆ ಅವಳನ್ನು ಹತ್ತಿಸಿಕೊಳ್ಳುತ್ತಾರೆ. ನಾನು ಮಾತು ಮುರಿದರೆ ಸಮವಸ್ತ್ರದವರು ನನ್ನ ಬಾಗಿಲಿಗೂ ಬರುತ್ತಾರೆ ಎಂದಿದ್ದಾರೆ.

ಹೋಗು.


ಹತ್ತು ಗಂಟೆ
ಮೆಟ್ಟಿಲ ಮೇಲಿನಿಂದ

ತಂಗೀ,

ಬಯ್ಯುವುದಿಲ್ಲ. ಬಯ್ಯುವ ಶಕ್ತಿಯನ್ನೆಲ್ಲ ಇನ್ನೊಬ್ಬನಿಗೆ ಎತ್ತಿಟ್ಟಿದ್ದೇನೆ.

ನಿನ್ನ ಊರಿನ ಠಾಣೆಯ ಪೊಲೀಸಮ್ಮ ಒಬ್ಬಳು ನನ್ನ ಜೊತೆ ಬಂದಿದ್ದಾಳೆ. ಸಮವಸ್ತ್ರ ಬಾಗಿಲಿಗೆ ಬರುತ್ತದೆ ಎಂದು ಆ ಖಳ ನಿನ್ನ ತಲೆಯಲ್ಲಿ ಮೊದಲೇ ತುಂಬಿರುತ್ತಾನೆ ಎಂದು ನನಗೆ ಗೊತ್ತಿತ್ತು. ನಾನಾದರೂ ಹಾಗೇ ಮಾಡುತ್ತಿದ್ದೆ. ನಿಜವಾದ ಪೊಲೀಸರು ಬಂದರೂ ಬಾಗಿಲು ತೆರೆಯದ ಹಾಗೆ. ಅದಕ್ಕೇ ಅವಳನ್ನು ಕೆಳಗಿನ ಟೈಲರ್ ಅಂಗಡಿಯಲ್ಲಿ ಕೂರಿಸಿದ್ದೇನೆ. ಟೈಲರು ಅವಳ ತೋಳಿನ ಗುಂಡಿ ಹೊಲಿಯುತ್ತ, ಈ ಗುಂಡಿ ಹೊಲಿದವನು ಯಾವ ಕಟುಕ ಎನ್ನುವ ಮುಖ ಮಾಡಿಕೊಂಡಿದ್ದಾನೆ.

ಈಗ ಮಗಳ ವಿಷಯ. ನಿನ್ನೆ ಹೊರಡುವ ಮುಂಚೆ ಯಜಮಾನನಿಂದ ಅವಳಿಗೆ ಫೋನ್ ಮಾಡಿಸಿದೆ. ಇವತ್ತು ಅವಳು ಅಂಗಡಿಗೆ ಹೋಗಿಲ್ಲ. ಗಂಡ, ಅತ್ತೆ, ಪಕ್ಕದ ಮನೆಯವರೆಲ್ಲ ಸುತ್ತ ಕೂತಿದ್ದಾರೆ. ಅಂಗಡಿಯ ಚಿತ್ರ ಅವಳೇ ಹೋದ ವರ್ಷ ಇಂಟರ್ನೆಟ್ಟಿಗೆ ಹಾಕಿದ್ದಂತೆ, ಅಂಗಡಿಯ ಹೊಸ ಬೋರ್ಡು ತೋರಿಸಲು. ಅವಳು ಹೇಳಿದ್ದನ್ನು ಯಜಮಾನ ಒಂದಕ್ಷರ ಬಿಡದೆ ಬರೆದುಕೊಟ್ಟಿದ್ದಾನೆ, ಇಳಿಸುತ್ತೇನೆ:

“ಮಾವ, ಅಮ್ಮಂಗೆ ಹೇಳಿ, ನಾನು ಎಲ್ಲೂ ಹೋಗಿಲ್ಲ, ಮನೇಲೇ ಇದೀನಿ. ಆರು ವಾರದಿಂದ ಬರೀ ಹೂಂ ಅಂತಾಳೆ. ಹೆರಿಗೆಗೆ ನೀನು ಬರೋದು ಬೇಡ ಅಂತ ನಾನೇನಾದ್ರೂ ಅಂದ್ಬಿಟ್ಟೆನಾ ಅಂತ ದಿನಾ ಯೋಚ್ನೆ ಮಾಡಿ ಸಾಯ್ತಿದ್ದೆ. ಬಾಗಿಲು ತೆಗೆಯೋಕೆ ಹೇಳಿ.”

ಇಲ್ಲಿಗೆ ಯಜಮಾನನ ಬರಹ ಮುಗಿಯಿತು. ಅವನಿಗೂ ಕಣ್ಣು ಮಂಜಾಗಿ ಕೊನೆಯ ಸಾಲು ಸೊಟ್ಟಗಾಗಿದೆ.

ತೆಗೆ ತಂಗೀ.

ಅಣ್ಣ


(ಹಾಲಿನ ಪಟ್ಟಿಯ ಚೀಟಿಯ ಮೇಲೆ)

ಚೀಟಿಗಾದರೆ ಅಡುಗೆಮನೆಗೆ ಎಂದು ಹೇಳಿ ಬರುತ್ತೇನೆ, ಬಾಗಿಲು ತೆಗೆಯಲು ಹೇಳದೆ ಏಳುತ್ತೇನೆ. ಕೂತ್ಕೊಳ್ಳಿ ಅಮ್ಮ ಎನ್ನುತ್ತಾರೆ. ಕೂತುಬಿಡುತ್ತೇನೆ. ಮೂರು ಸಲ ಆಯಿತು. ಅಣ್ಣಾ, ಬ್ಯಾಂಕಿಗೆ ಹೋಗಿ ಮುಗಿಸಿಬಿಡುತ್ತೇನೆ. ದುಡ್ಡು ಹೋದರೆ ಹೋಗಲಿ. ನೀನು ಪಕ್ಕಕ್ಕೆ ಸರಿ.


(ಅದರ ಹಿಂದೆ)

ಸರಿಯುವುದಿಲ್ಲ.

ನಿನಗೆ ಆಗದಿದ್ದರೆ ಕೂತಿರು, ನಾನೂ ಕೂತಿದ್ದೇನೆ, ಬಾಗಿಲಿಗೆ ಬೆನ್ನು ಕೊಟ್ಟು. ಹನ್ನೊಂದೂವರೆ ಆಗಲಿ, ಹನ್ನೆರಡಾಗಲಿ. ಅವನು ಒಳಗೆ ಏನೇನು ಹೇಳುತ್ತಿದ್ದಾನೋ ನನಗೆ ಒಂದಕ್ಷರ ಕೇಳುತ್ತಿಲ್ಲ. ಈ ಮನೆಯಲ್ಲಿ ಅವನು ಹೆದರಿಸಲಾರದ ಮನುಷ್ಯ ನಾನೊಬ್ಬನೇ. ನನ್ನ ಕಡೆ ಬಾ.


ಮೇ ೨೦
ಮಗಳ ಮನೆಯಿಂದ

ಅಣ್ಣಾ,

ಮಗು ಈಗಷ್ಟೇ ಮಲಗಿತು. ಹದಿನೈದು ದಿನದ ಕೂಸಿಗೆ ಆಗಲೇ ನಿನ್ನ ಗಂಟಲು ಬಂದಿದೆ ಎಂದು ಮನೆಯವರೆಲ್ಲ ಗೋಳಾಡುತ್ತಾರೆ. ಮಗಳು ಚೇತರಿಸಿಕೊಂಡಿದ್ದಾಳೆ. ನಾನು ಬಂದ ಮೊದಲ ದಿನ ಅವಳು ನನ್ನ ಪಕ್ಕದಲ್ಲೇ ಮಲಗಿದಳು. ಎರಡನೆಯ ದಿನ ಬೈದಳು, ಒಂದು ಗಂಟೆ. ಬೈಸಿಕೊಂಡಮೇಲೆ ಊಟ ಸೇರಿತು.

ಮೊದಲು ಹಾಕಿದ ದುಡ್ಡು ಬರುವುದಿಲ್ಲವಂತೆ. ಇಡುಗಂಟು ಉಳಿಯಿತು. ಅವತ್ತಿನ ಮೇಲ್ ಅನ್ನು ಪೊಲೀಸಮ್ಮ ತೆಗೆದು ತೋರಿಸಿದಳು. ಮೇಲೆ ಕಾಣುವ ಹೆಸರು ಪಿಂಚಣಿ ಕಚೇರಿಯದು, ಅದನ್ನು ಒತ್ತಿದರೆ ಹಿಂದಿನ ನಿಜವಾದ ವಿಳಾಸ ಬರುತ್ತದೆ, ಯಾವುದೋ ಅಕ್ಷರ ಅಂಕಿಗಳ ಗೋಜಲು. ಕಟ್ಟಿನ ಮುಂಭಾಗದ ಮುದ್ರೆ ನೋಡಿ ಹಿಂಭಾಗ ತಿರುಗಿಸದೆ ಸಹಿ ಹಾಕಿದ ಹಾಗಾಯಿತು. ಪ್ರೆಸ್ಸಿನಲ್ಲಿ ಯಾರಾದರೂ ಹಾಗೆ ಮಾಡಿದ್ದರೆ ನಾನೇ ಜನ್ಮ ಜಾಲಾಡುತ್ತಿದ್ದೆ.

ಫೋನು ರಿಂಗಾದರೆ ಈಗಲೂ ಎದ್ದು ನಿಲ್ಲುತ್ತೇನೆ. ಮಗಳು ಅದನ್ನು ಸದ್ದಿಲ್ಲದ ಹಾಗೆ ಮಾಡಿಟ್ಟಿದ್ದಾಳೆ. ಅದು ಮೇಜಿನ ಮೇಲೆ ಗುಂಯ್ ಎಂದು ಅಲುಗಿದರೂ ಕೈಲಿದ್ದ ಕೆಲಸ ಬಿಟ್ಟು ಏಳುತ್ತೇನೆ.

ನಿನಗೆ ಹೇಳದೆ ಇಟ್ಟುಕೊಂಡದ್ದು ಒಂದಿದೆ. ಅವತ್ತು ನಾನು ಬಾಗಿಲು ತೆಗೆದಾಗ ನೀನು ನನ್ನ ಮುಖ ನೋಡಿ, ಆಯ್ತು ಆಯ್ತು ಎಂದು ಅಷ್ಟು ಜೋರಾಗಿ ಕೂಗಿದೆ, ಟೈಲರು ಕತ್ತರಿ ಹಿಡಿದುಕೊಂಡೇ ಓಡಿಬಂದ. ಆ ಗದ್ದಲದಲ್ಲಿ ಯಾರೂ ನನ್ನನ್ನು ಕೇಳಲಿಲ್ಲ, ನಾಲ್ಕನೇ ಸಲ ಹೇಗೆ ಎದ್ದೆ ಎಂದು. ಒಳಗೆ ಏನಾಯಿತು ಎಂದು ನಿನಗೆ ಕೇಳುವ ಹಾಗೂ ಇರಲಿಲ್ಲ.

ನಿನ್ನ ಕೊನೆಯ ಚೀಟಿ ಕೈಯಲ್ಲಿ ಮುದುರಿಕೊಂಡು ಎದ್ದೆ. ಅವರು ಕೂತ್ಕೊಳ್ಳಿ ಎಂದರು. ಕೂರಲಿಲ್ಲ. ಮಗಳ ಹೆಸರು ಹಿಡಿದು ಹೇಳಿದರು. ಮೇಜು ದಾಟಿದೆ. ಗಾಡಿ ಹೊರಟಿತು ಎಂದರು. ಅಲ್ಲಿಂದ ಬಾಗಿಲಿಗೆ ಆರು ಹೆಜ್ಜೆ ಅಣ್ಣಾ, ಇಷ್ಟು ವರ್ಷ ಆ ಮನೆಯಲ್ಲಿದ್ದೂ ಎಣಿಸಿದ್ದು ಅವತ್ತೇ. ಅಗುಳಿಗೆ ಕೈ ಹಾಕಿದೆ. ಆಗ ದನಿ ಬದಲಾಯಿತು. ಅಧಿಕಾರಿಯ ದನಿಯಲ್ಲ. ಬಾಯಿಯನ್ನು ಫೋನಿಗೆ ತೀರ ಹತ್ತಿರ ತಂದು, ಪಕ್ಕದವರಿಗೆ ಕೇಳದ ಹಾಗೆ, ಉಸಿರಿನಲ್ಲಿ ಹೇಳಿದ:

“ಅಮ್ಮ, ತೆಗೀಬೇಡಿ. ನೀವು ಹೋದ್ರೆ ನನ್ನ ಹೊಡೀತಾರೆ. ಇಲ್ಲಿ ನಮ್ಮನ್ನೂ ಹೊರಗಡೆ ಬಿಡಲ್ಲ ಅಮ್ಮ.”

ನಾನು ತಿರುಗಿ ನೋಡಲಿಲ್ಲ. ಅಗುಳಿ ಎಳೆದೆ.

ಅದಾದಮೇಲೆ ನೀನು, ಕೂಗು, ಕತ್ತರಿ, ಪೊಲೀಸಮ್ಮ. ಅವಳು ಫೋನು ಎತ್ತಿಕೊಳ್ಳುವಷ್ಟರಲ್ಲಿ ಅತ್ತ ಕಡೆ ಕಟ್ ಆಗಿತ್ತು.

ಎಷ್ಟೋ ದಿನ ನನಗೇ ಹೇಳಿಕೊಂಡೆ, ಅದೂ ನಾಟಕದ ಮಾತೇ, ಉಳಿದದ್ದೆಲ್ಲ ಸೋತಮೇಲೆ ಕೊನೆಗೆ ಆಡಲು ಇಟ್ಟುಕೊಂಡ ಮಾತು ಎಂದು. ನಿನ್ನನ್ನು ಕೇಳೋಣ ಎಂದು ಎಷ್ಟು ಸಲ ಕಾಗದ ತೆಗೆದೆನೋ. ನೀನು ಹೆದರಿಸುವ ಕಸುಬಿನವನು, ನಿನಗೆ ಗೊತ್ತಾಗಬಹುದು. ಆದರೆ ನೀನು ಆ ದನಿ ಕೇಳಿಲ್ಲ. ನಲವತ್ತೆರಡು ದಿನ ಕೇಳಿದ ನನಗೇ ಗೊತ್ತಾಗಲಿಲ್ಲ. ಮಾತ್ರೆ ತಗೊಂಡ್ರಾ ಎಂದು ದಿನಾ ಕೇಳುತ್ತಿದ್ದವನ ಊಟ ಆಗಿತ್ತೋ ಇಲ್ಲವೋ ಎಂದು ನನಗೆ ಒಂದು ದಿನವೂ ಹೊಳೆಯಲಿಲ್ಲ. ಹೊಳೆಯಬೇಕಿತ್ತು ಎಂದಲ್ಲ. ಅವನ ಮೇಲೆ ನನಗಿರುವ ಸಿಟ್ಟು ಎಳ್ಳಷ್ಟೂ ಇಳಿದಿಲ್ಲ. ಆದರೂ ಮಗುವನ್ನು ತಟ್ಟಿ ಮಲಗಿಸುವ ಹೊತ್ತಿನಲ್ಲಿ, ಮಗಳ ತಲೆ ಬಾಚುವ ಹೊತ್ತಿನಲ್ಲಿ, ಹಾಗೇ ಕಿವಿಯ ಹತ್ತಿರ ಆ ಉಸಿರು ಬರುತ್ತದೆ.

ನಿನ್ನೆ ಪೊಲೀಸಮ್ಮ ಮನೆಗೇ ಬಂದಿದ್ದಳು. ಎಲ್ಲೋ ದೂರದಲ್ಲಿ ಒಂದು ಕಟ್ಟಡದ ಬೀಗ ಒಡೆದರಂತೆ. ಮಹಡಿ ಮಹಡಿಗೂ ಮೇಜು, ಗೋಡೆಗೆ ಫೈಲುಗಳ ಚಿತ್ರ ಬರೆದ ಪರದೆ, ಒಂದೇ ಅಳತೆಯ ಸಮವಸ್ತ್ರಗಳು. ಇನ್ನೂರು ಜನ ಸಿಕ್ಕಿದ್ದಾರೆ. ಕೆಲವರು ದುಡ್ಡಿಗಾಗಿ ಇದ್ದವರು, ಕೆಲವರನ್ನು ಕೆಲಸ ಕೊಡುತ್ತೇವೆ ಎಂದು ಕರೆದೊಯ್ದು ಕೂಡಿಹಾಕಿದ್ದು. ಯಾರು ಯಾರೆಂದು ಇನ್ನೂ ಬೇರೆ ಮಾಡಿಲ್ಲ. ಕೆಲವರು ಸಿಕ್ಕಿಲ್ಲ, ಮೊದಲೇ ಬೇರೆ ಕಡೆಗೆ ಸಾಗಿಸಿದ್ದರಂತೆ. ಸಿಕ್ಕವರ ದನಿಯನ್ನು ಮುದ್ರಿಸಿ ತಂದಿದ್ದಾರೆ. ಸೋಮವಾರ ಹತ್ತು ಗಂಟೆಗೆ ನಾನು ಠಾಣೆಗೆ ಹೋಗಿ ಒಂದೊಂದಾಗಿ ಕೇಳಿ, ಇವನೇ ಎಂದು ಗುರುತಿಸಬೇಕು.

ಅಣ್ಣಾ, ಅವನ ದನಿ ಕೇಳಿಸಿದರೆ ನಾನು ಎದ್ದು ನಿಂತುಬಿಡುತ್ತೇನೇನೋ ಎಂದು ಭಯ. ಇನ್ನೂರೂ ಮುಗಿದು ಅವನದು ಬರದೇ ಹೋದರೆ, ಅದು ಇನ್ನೊಂದು ಭಯ. ಇದನ್ನು ಮಗಳಿಗೆ ಹೇಳಲಾರೆ.

ಭಾನುವಾರದ ಬಸ್ಸಿಗೆ ಬಾ. ನಿನಗೆ ಒಂದು ದನಿಯೂ ಕೇಳುವುದಿಲ್ಲ ಎಂದು ಗೊತ್ತು. ಪಕ್ಕದಲ್ಲಿ ಕೂತಿರು.

ನಿನ್ನ ತಂಗಿ